ದೇಹಕ್ಕೂ ಒಂದು ದಿನವಹಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ 10 ಕೋಟಿ ಮೀರಿದೆಯೆಂದು ಅಂದಾಜು ಮಾಡಿದೆ. ಇದು ಸಿರಿವಂತರ ಕಾಯಿಲೆಯೆಂಬ ಹಳೆಯ ನಂಬಿಕೆ ಇನ್ನು ಸಲ್ಲದು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಮಾಣಿಗಳೂ ಅಡಿಗೆಯವರೂ, ಕಚೇರಿಗಳಲ್ಲಿ ಕುಳಿತೇ ದಿನ ಕಳೆಯುವ ಗುಮಾಸ್ತರೂ ಇದಕ್ಕೆ ಹೊರತಲ್ಲ.

ಈ ರೋಗವು ಮೊದಮೊದಲು ನೋಯಿಸುವುದಿಲ್ಲ. ಆದುದರಿಂದಲೇ ವೈದ್ಯರನ್ನು ಕಾಣುವ ಎರಡು ದಿನ ಮುಂಚೆ ಮಾತ್ರ ಸಿಹಿ ಬಿಟ್ಟು ಸಮಾಧಾನಪಡುವವರು ಬಹುಮಂದಿ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನೇ ಹೊರಗೆಡಹುತ್ತದೆ. ಎರಡು ದಿನದ ಪಥ್ಯಕ್ಕೆ ಅದು ಮರುಳಾಗದು.

ಆದರೆ ಸರಾಸರಿಯು ಏರಿಳಿತದ ಕಾರಣವನ್ನು ಹೇಳಲಾರದು. ಅದಕ್ಕೆ ದಿನವಹಿ ಬೇಕು. ರಾತ್ರಿ ಗಲ್ಲಾದ ಲೆಕ್ಕ ನೋಡದೆ ಹೋಟೆಲಿನ ಬಾಗಿಲು ಹಾಕುವ ರೂಢಿ ನಮ್ಮವರಲ್ಲಿಲ್ಲ. ಆ ಶಿಸ್ತು ದೇಹಕ್ಕೂ ಸಲ್ಲಲಿ. ಬರಿಹೊಟ್ಟೆಯಲ್ಲಿಯೂ ಊಟವಾಗಿ ಎರಡು ಗಂಟೆಯ ಮೇಲೆಯೂ ಗ್ಲೂಕೋಮೀಟರು ತೋರಿಸುವ ಅಂಕಿಯನ್ನು ಬರೆದು, ಅದರ ಪಕ್ಕದಲ್ಲಿ ತಿಂದದ್ದು, ನಡೆದದ್ದು, ನಿದ್ರೆ ಮತ್ತು ಔಷಧದ ವೇಳೆಯನ್ನು ಗುರುತಿಸಬೇಕು. ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಬೇಕೆಂಬುದನ್ನು ವೈದ್ಯರೇ ನಿರ್ಧರಿಸಲಿ. ಚಹಾಕ್ಕೆ ಎರಡು ಚಮಚೆಯಂತೆ ದಿನಕ್ಕೆ ಎಂಟು ಬಾರಿ ಕುಡಿದವನು, ಚಮಚೆಗೆ 4 ಗ್ರಾಂ ಹಿಡಿದರೂ, 64 ಗ್ರಾಂ ಸಕ್ಕರೆಯನ್ನು ಅರಿಯದೆಯೇ ಸೇವಿಸಿರುತ್ತಾನೆ. ಬರೆದಿಟ್ಟಾಗ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಸಕ್ಕರೆ ಏರುವುದಷ್ಟೇ ಅಪಾಯವಲ್ಲ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡವನಿಗೆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಊಟ ತಪ್ಪಿದರೆ, ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಕುದಿಯುವ ಎಣ್ಣೆಯ ಮುಂದೆ ನಿಂತವನಿಗೆ ಇದು ಪ್ರಾಣಾಂತಿಕ. ಕೆಲಸ ಹೋದೀತೆಂಬ ಭಯದಿಂದ ರೋಗವನ್ನು ಮುಚ್ಚಿಡುವವರಿದ್ದಾರೆ. ಆ ಭಯವನ್ನು ಕಳೆಯುವುದು ಮಾಲಕರ ಹೊಣೆ. ಹೊತ್ತಿಗೆ ಸರಿಯಾಗಿ ಊಟದ ಬಿಡುವು ಕೊಡುವುದರಿಂದ ಯಾವ ಹೋಟೆಲೂ ಮುಳುಗದು.

ನಮ್ಮ ಕನ್ನಡ ಸಂಘಗಳೂ ವಾರ್ಷಿಕೋತ್ಸವದ ವೆಚ್ಚದಲ್ಲಿ ಒಂದಂಶವನ್ನುಳಿಸಿ, ಕಾರ್ಮಿಕರಿಗಾಗಿ ವಾರಕ್ಕೊಮ್ಮೆ ಪರೀಕ್ಷೆಯ ಏರ್ಪಾಡು ಮಾಡಲಿ. ಚುಚ್ಚುವ ಸೂಜಿ ಮಾತ್ರ ಪ್ರತಿಯೊಬ್ಬರಿಗೂ ಹೊಸದಿರಬೇಕು.

ತಿಂಗಳು ತಿಂಗಳು ಊರಿಗೆ ಹಣ ಕಳುಹಿಸುವವನ ಕಣ್ಣು, ಕಾಲು, ಮೂತ್ರಪಿಂಡಗಳು ಅವನೊಬ್ಬನ ಸೊತ್ತಲ್ಲ. ಊರಿನ ಮನೆ ಅವುಗಳನ್ನೇ ನಂಬಿಕೊಂಡಿದೆ. ಎರಡು ಸಾಲಿನ ಬರವಣಿಗೆಗೆ ಅವನು ದಿನಕ್ಕೆ ಐದು ನಿಮಿಷ ಮೀಸಲಿಡಲೇಬೇಕು.