ಹತ್ತು ನಿಮಿಷದ ಮಾದಪ್ಪ

ಯುಗಾದಿಗೆ ಬೆಂಗಳೂರಿನಿಂದ ಬಂದಿದ್ದ ಗೆಳೆಯರ ಜೊತೆ ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆವು. ಮಾತು ಹೇಗೋ ರಾಕ್ ಬ್ಯಾಂಡುಗಳ ಕಡೆ ಹೋಯಿತು. ಒಬ್ಬ ಹೇಳಿದ: "ಹತ್ತು ವರ್ಷದಿಂದ ಒಂದು ಹೊಸ ಹಾಡು ಬಿಟ್ಟಿಲ್ಲ, ಊರೂರು ತಿರುಗಿ ಹಳೇದನ್ನೇ ಹಾಡಿ ಟಿಕೆಟ್ ಮಾರ್ತಾರೆ. ಅದು ಬ್ಯಾಂಡಲ್ಲ, ತಿಥಿ." ಇನ್ನೊಬ್ಬ ಬಿಡಲಿಲ್ಲ: "ಹೊಸ ಹಾಡು ಶುರು ಮಾಡುದ್ರೆ ನೀನೇ ಎದ್ದು ಮೂತ್ರಕ್ಕೆ ಹೋಗ್ತೀಯ. ಹಳೇದು ಬಂದಾಗ ಓಡಿ ಬರ್ತೀಯ."

ಇಬ್ಬರ ಮಾತಲ್ಲೂ ಹುರುಳಿತ್ತು. ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ತಂಡ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಆಗ ಅವರ ಹೊಸ ಆಲ್ಬಂ ಬಂದು ಐದೂವರೆ ವರ್ಷ ಆಗಿತ್ತು. ಅಮೆರಿಕದ ಬಿಲ್ಲಿ ಜೋಯಲ್ 1993ರಲ್ಲಿ ಹೊಸ ಹಾಡಿನ ಆಲ್ಬಂ ತಂದವರು, ಆಮೇಲೆ ಅಂಥದ್ದು ತರಲಿಲ್ಲ. ಆದರೂ 2014ರಿಂದ ನ್ಯೂಯಾರ್ಕಿನ ಒಂದೇ ಸಭಾಂಗಣದಲ್ಲಿ ಹೆಚ್ಚೂಕಡಿಮೆ ತಿಂಗಳಿಗೊಂದರಂತೆ ಹಾಡಿದರು. ಜನ ಬಂದರು.

ಟೀ ಕುಡಿದು ಗೆಳೆಯರು ಬಸ್ ಹತ್ತಿದರು. ನಮಗೆ ಮಾತ್ರ ಆ "ತಿಥಿ" ಎಂಬ ಮಾತು ಚುಚ್ಚಿತು. ಯಾಕೆಂದರೆ ನಮ್ಮ ಕಡೆ ತಂಬೂರಿಯವರನ್ನು ಕರೆಸಿ ರಾತ್ರಿಯಿಡೀ ಕಥೆ ಹಾಡಿಸುತ್ತಿದ್ದದ್ದು ತಿಥಿ ಮನೆಯಲ್ಲೇ.

ಹೊಸ ಹಾಡಿಲ್ಲದೆ ಊರೂರು ತಿರುಗುವುದೇ ತಪ್ಪಾದರೆ ಮೊದಲ ಅಪರಾಧಿಗಳು ನಮ್ಮ ನೀಲಗಾರರು, ನಮ್ಮ ದೇವರಗುಡ್ಡರು. ಮಂಟೇಸ್ವಾಮಿ ಕಥೆ ಒಂದೇ, ಸಿದ್ದಪ್ಪಾಜಿ ಕಥೆ ಒಂದೇ, ಮಾದಪ್ಪನ ಕಥೆ ಒಂದೇ. ಚಿಕ್ಕಲ್ಲೂರು ಜಾತ್ರೆಗೆ ಹೋಗುವ ಅಜ್ಜಿಗೆ ಮುಂದೆ ಏನಾಗುತ್ತದೆ ಅಂತ ಹಾಡುವವರಿಗಿಂತ ಮೊದಲೇ ಗೊತ್ತು. ಸಂಕಮ್ಮನ ಸಾಲು ಶುರುವಾದರೆ ನೀಲೇಗೌಡ ಹೆಂಡತಿಯ ಹತ್ತಿರ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅವನು ಹಿಂಸೆ ಮಾಡುತ್ತಾನೆ. ಎಲ್ಲ ಗೊತ್ತು. ಗೊತ್ತಿದ್ದೂ ಅಜ್ಜಿ ಪ್ರತಿ ಸಲ ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. "ಹೊಸದು ಯಾವಾಗ ಬಿಡ್ತೀರಿ?" ಎಂದು ಅವರನ್ನು ಯಾರೂ ಕೇಳಿದ್ದನ್ನು ನಾವು ನೋಡಿಲ್ಲ.

ಹಾಗಂತ ಅವರು ಹಾಡಿದ್ದನ್ನೇ ಹಾಡುತ್ತಾರೆ ಅಂತಲೂ ಅಲ್ಲ. ಒಂದು ರಾತ್ರಿ ಪೂರ್ತಿ ಕೂತು ಕೇಳಿದವರಿಗೆ ಇದು ಗೊತ್ತಿರುತ್ತದೆ. ಮುಂದಿನವರು ಕಥೆ ಹೇಳುತ್ತಾ ಕರೆಸಿದ ಮನೆಯವರ ಹೆಸರು ಸೇರಿಸುತ್ತಾರೆ, ಎದುರಿಗೆ ತೂಕಡಿಸುವವನನ್ನು ಕಥೆಯೊಳಕ್ಕೆ ಎಳೆದು ತಮಾಷೆ ಮಾಡುತ್ತಾರೆ, ಮಳೆ ಹೋದ ವರ್ಷವಾದರೆ ಮಾದಪ್ಪನ ಬಾಯಲ್ಲೇ ಮಳೆಯ ಮಾತು ಬರುತ್ತದೆ. ಹಿಮ್ಮೇಳದವರು ಒಂದು ಸೊಲ್ಲನ್ನು ಎಷ್ಟು ಸಲ ತಿರುಗಿಸಬೇಕು ಅನ್ನುವುದು ಆ ಹೊತ್ತಿನ ಲೆಕ್ಕ. ನಿನ್ನೆಯ ಊರಿನಲ್ಲಿ ಅರ್ಧ ಗಂಟೆ ನಡೆದ ಜಗಳ ಇವತ್ತಿನ ಊರಿನಲ್ಲಿ ಒಂದೂವರೆ ಗಂಟೆ ನಡೆಯಬಹುದು.

ನಮ್ಮ ತಕರಾರು ಹಳೇ ಹಾಡಿನ ಮೇಲಲ್ಲ. ಹಳೇ ಹಾಡನ್ನು ಕತ್ತರಿಸಿ ಚೂರು ಮಾಡಿದವರ ಮೇಲೆ.

ಈಗ ಊರ ಹಬ್ಬ ಅಂದರೆ ಏನು? ಆರ್ಕೆಸ್ಟ್ರಾ. ಗಣಪತಿ ಕೂರಿಸಿದರೂ ಆರ್ಕೆಸ್ಟ್ರಾ, ರಾಜ್ಯೋತ್ಸವ ಮಾಡಿದರೂ ಆರ್ಕೆಸ್ಟ್ರಾ. ಅಣ್ಣಾವ್ರ ಹಾಡು ಹಾಡಬೇಡಿ ಅಂತ ನಾವು ಹೇಳುವವರಲ್ಲ, ಗಾಜನೂರು ನಮ್ಮ ಗಡಿಯ ಆಚೆ ಕಣ್ಣಳತೆಯಲ್ಲಿದೆ, ಆ ಮಾತಾಡಿ ಊರಲ್ಲಿ ಬದುಕುವುದೂ ಕಷ್ಟ. ಆದರೆ ಎಷ್ಟು ತಂಡದಲ್ಲಿ ಇವತ್ತು ತಬಲ, ಡೋಲಕ್ ಬಾರಿಸುವ ಕೈ ಇದೆ? ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಹಾಕಿ ಮೇಲೆ ಗಂಟಲು ಸೇರಿಸುತ್ತಾರೆ. ಕೀಬೋರ್ಡಿನವನು ಕೆಲವು ಸಲ ಸುಮ್ಮನೆ ಕೈಯಾಡಿಸುತ್ತಾನೆ. ಟ್ರ್ಯಾಕಿಗೆ ಊರು ಗೊತ್ತಿಲ್ಲ, ಮಳೆ ಗೊತ್ತಿಲ್ಲ, ಎದುರಿಗೆ ಕೂತವರು ಯಾರೆಂದು ಗೊತ್ತಿಲ್ಲ. ನಮ್ಮ ಗೆಳೆಯ "ಸತ್ತ ಬ್ಯಾಂಡು" ಅಂದದ್ದು ಇದಕ್ಕೆ ಒಪ್ಪುತ್ತದೆ.

ಅದೇ ವೇದಿಕೆಗೆ ಕಂಸಾಳೆಯವರನ್ನೂ ಕರೆಯುತ್ತಾರೆ. ಯಾವಾಗ? ಅತಿಥಿಗಳ ಕಾರು ಬಂದಾಗ ಮೆರವಣಿಗೆಗೆ, ಇಲ್ಲವೇ ಭಾಷಣ ಶುರುವಾಗುವ ಮುಂಚೆ ಮೈಕ್ ಸರಿಮಾಡುವ ಹೊತ್ತಿಗೆ. ಎರಡು ಪಟ್ಟು ಕುಣಿದು ತೋರಿಸಿ, ಸಿನಿಮಾದಲ್ಲಿ ಬಂದ ಆ ಒಂದು ಹಾಡು ಹಾಡಿ, ಇಳಿಯಿರಿ. ನಮ್ಮ ಕಣ್ಣೆದುರೇ ಕಾರ್ಯಕ್ರಮ ನಡೆಸುವವರೊಬ್ಬರು ಹಿರಿಯ ಕಲಾವಿದರ ಹತ್ತಿರ ಬಂದು ಬೆರಳು ತೋರಿಸಿ "ಹತ್ತೇ ನಿಮಿಷ" ಅಂದರು. ಅವರು ಜಗಳ ಆಡಲಿಲ್ಲ. ನಮ್ಮ ಕಡೆ ತಿರುಗಿ, "ಹತ್ನಿಮ್ಸಕ್ಕ ಮಾದಪ್ಪ ಹುಟ್ಟಾಕೂ ಆಗಾಕಿಲ್ಲ ಕನಪ್ಪ" ಅಂದರು. ಹುಟ್ಟಿ, ಬೆಳೆದು, ಶ್ರವಣದೊರೆಯನ್ನು ಗೆದ್ದು, ಬೇವಿನಹಟ್ಟಿ ಕಾಳಮ್ಮನ ಸೊಕ್ಕು ಇಳಿಸಿ, ಸಂಕಮ್ಮನಿಗೆ ಮಕ್ಕಳ ಭಾಗ್ಯ ಕೊಟ್ಟು, ಜುಂಜೇಗೌಡನನ್ನು ಒಲಿಸಿಕೊಳ್ಳಬೇಕಾದ ದೇವರಿಗೆ ಹತ್ತು ನಿಮಿಷ.

ಕೆಲವರು ಕೇಳುತ್ತಾರೆ: ಕಾಲ ಬದಲಾಗಿದೆ, ಹುಡುಗರಿಗೆ ಬೇಕಾದ ಹಾಗೆ ಹೊಸದು ಮಾಡಿದರೆ ತಪ್ಪೇನು? ತಪ್ಪಿಲ್ಲ. 1996ರಲ್ಲಿ 'ಜನುಮದ ಜೋಡಿ' ಸಿನಿಮಾ ಕೋಲುಮಂಡೆ ಜಂಗಮನ ಹಾಡನ್ನು ನಾಡಿಗೆಲ್ಲ ಮುಟ್ಟಿಸಿತು, ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು, ನಾವೂ ಹೆಮ್ಮೆಪಟ್ಟೆವು. 2020ರಲ್ಲಿ ಚಂದನ್ ಶೆಟ್ಟಿ ಅದೇ ಹಾಡನ್ನು ಹೊಸ ವೇಷದಲ್ಲಿ ಬಿಟ್ಟರು. ಅದರಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ನಮ್ಮ ಜಿಲ್ಲೆ ಸಿಟ್ಟಾಯಿತು, ಅವರು ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬಿನಿಂದ ಹೋಯಿತು. ಆಗ ಎಲ್ಲರೂ ಭಕ್ತಿಗೆ ಧಕ್ಕೆ ಅಂದರು. ನಮಗೆ ಕಂಡದ್ದು ಬೇರೆ. ಆ ಹಾಡನ್ನು ಹೊಸದು ಮಾಡಲು ಹೊರಟವರಿಗೆ ಸಿಕ್ಕಿದ್ದು ಒಂದು ತುಣುಕು. ಸಂಕಮ್ಮನ ಸಾಲನ್ನು ಒಂದು ರಾತ್ರಿ ಕೂತು ಕೇಳಿದ್ದರೆ ಆ ಹೆಂಗಸನ್ನು ಹಾಗೆ ತೋರಿಸಲು ಕೈ ಬರುತ್ತಿರಲಿಲ್ಲ. ಆದರೆ ಅವತ್ತು ಬೈದ ನಾವಾದರೂ ಕೂತು ಕೇಳಿದ್ದೆವೇ? ನಮ್ಮಲ್ಲಿ ಮೂವರು ಕೇಳಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಇನ್ನೊಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕ ಸಿಗದೆ ಜನ ಸತ್ತರು. ಮಾರನೆಯ ದಿನ 24 ಎಂಬ ಸಂಖ್ಯೆ ದೇಶವೆಲ್ಲ ಓಡಾಡಿತು. ವರದಿ ಬಂತು, ಭಾಷಣ ಬಂತು. ಆ ರಾತ್ರಿಯ ಮೇಲೆ ಒಂದು ಹಾಡನ್ನು ನಾವು ಇವತ್ತಿನವರೆಗೂ ಯಾವ ವೇದಿಕೆಯಲ್ಲೂ ಕೇಳಿಲ್ಲ. ದೊರೆಯ ಅನ್ಯಾಯವನ್ನು ಹೆಸರು ಹಿಡಿದು ಹಾಡಿದ ಜಿಲ್ಲೆ ಇದು. ಕಲ್ಯಾಣದ ಬಾಗಿಲಲ್ಲಿ ನಿಂತು ಬಸವಣ್ಣನನ್ನೇ ಪ್ರಶ್ನೆ ಮಾಡಿದ ಮಂಟೇಸ್ವಾಮಿಯ ಜಿಲ್ಲೆ ಇದು.

"ಹಾಗಾದರೆ ಹೊಸ ಹಾಡು ಬೇಕು ಅಂತ ನೀವೂ ಒಪ್ಪಿದಿರಿ" ಅಂತ ಗೆಳೆಯ ಫೋನಿನಲ್ಲಿ ನಕ್ಕ. ಬೇಕು ಕಣೋ. ಆದರೆ ಅದು ಎಲ್ಲಿಂದ ಬರುತ್ತದೆ? ನಿನ್ನ ರೋಲಿಂಗ್ ಸ್ಟೋನ್ಸನ್ನೇ ನೋಡು. 2005ರ ನಂತರ ತಮ್ಮದೇ ಹೊಸ ಹಾಡುಗಳ ಆಲ್ಬಂ ತರಲು 2023 ಆಯಿತು, 18 ವರ್ಷ. ನಡುವೆ ಹಳೇದನ್ನು ಹಾಡಿಕೊಂಡು ತಿರುಗಿದರು. ಕೈ ಜಡ್ಡುಗಟ್ಟಲಿಲ್ಲ, ಆದ್ದರಿಂದ ಹೊಸದೂ ಬಂತು. ನಮ್ಮಲ್ಲಿ ರಾತ್ರಿಯಿಡೀ ತಂಬೂರಿ ಹಿಡಿದು, ಡಕ್ಕಿ ಬಡಿದು, ಸೊಲ್ಲಿಗೆ ಸೊಲ್ಲು ಕೊಟ್ಟು ಕಲಿತ ಹುಡುಗನಿಗೆ ಮಾತ್ರ ಎದುರಿನ ದುಃಖವನ್ನು ಆ ಮಟ್ಟಿಗೆ ಕೂರಿಸುವುದು ಗೊತ್ತಾಗುತ್ತದೆ. ಹತ್ತು ನಿಮಿಷ ಹಾಡುವವನು ಹತ್ತು ನಿಮಿಷವನ್ನಷ್ಟೇ ಮಗನಿಗೆ ಕಲಿಸುತ್ತಾನೆ. ಮಗ ಅದನ್ನೂ ಬಿಟ್ಟು ನಂಜನಗೂಡಿನ ಕಾರ್ಖಾನೆಗೆ ಹೋಗುತ್ತಾನೆ, ಹೋಗಲಿ, ಹೊಟ್ಟೆ ತುಂಬಬೇಕಲ್ಲ.

ಆದ್ದರಿಂದ ಓದುವ ನಿಮ್ಮಲ್ಲಿ ಕೇಳುವುದು ಇಷ್ಟೇ. ಈ ಸಲ ಹಬ್ಬದ ಚಂದಾ ಪುಸ್ತಕ ಮನೆ ಬಾಗಿಲಿಗೆ ಬಂದಾಗ ದುಡ್ಡು ಕೊಡುವ ಮುಂಚೆ ಕೇಳಿ: ನೀಲಗಾರರಿಗೆ ಎಷ್ಟು ಹೊತ್ತು? ಆರ್ಕೆಸ್ಟ್ರಾಗೆ ಕೊಡುವುದರಲ್ಲಿ ಅವರಿಗೆ ಎಷ್ಟು ಪಾಲು? ಹೋಗಿ ಬರುವ ಬಸ್ ಚಾರ್ಜು ಇದರಲ್ಲೇ ಸೇರಿದೆಯೋ ಬೇರೆಯೋ?

ತೆರಕಣಾಂಬಿ ಹತ್ತಿರದ ಒಂದು ಊರಿನಲ್ಲಿ ನಾವು ಇದನ್ನು ಕೇಳಿಯೇ ಬಿಟ್ಟೆವು. ಚಂದಾ ಎತ್ತಲು ಬಂದ ಹುಡುಗರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಹೇಳಿದ: "ರಾತ್ರಿಯೆಲ್ಲಾ ಹಾಡ್ಸುದ್ರ ಕೇಳಾಕ ಯಾರಣ್ಣ ಕೂತ್ಕತಾರ? ನೀವ್ ಕೂತ್ಕತೀರಾ?"

ಕೂತ್ಕತೀವಿ ಅಂದಿದ್ದೇವೆ. ಐದು ಜನ.