ಮೊಳಕೆಗೆ ಕುಡುಗೋಲು ತೋರಿಸಬೇಡಿ

ವಾಷಿಂಗ್ಟನ್, ಮೇರಿಲ್ಯಾಂಡ್, ವರ್ಜೀನಿಯಾದ ಕನ್ನಡ ಬಂಧುಗಳೇ,

ವಾಷಿಂಗ್ಟನ್ನಿನ ಅಮೆರಿಕನ್ ಫುಟ್‌ಬಾಲ್ ತಂಡ ಕಮ್ಯಾಂಡರ್ಸ್‌ನ 5ನೇ ನಂಬರಿನ ಜೆರ್ಸಿ ನಮ್ಮ ಮನೆಗಳಿಗೆ ಕಾಲಿಟ್ಟಿದ್ದು 2024ರಲ್ಲಿ. ಹಿಂದಿನ ವರ್ಷ 17 ಪಂದ್ಯಗಳಲ್ಲಿ ಬರೀ 4 ಗೆದ್ದಿದ್ದ ತಂಡ, ಆ ಜೆರ್ಸಿಯ ಜೇಡನ್ ಡೇನಿಯಲ್ಸ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್ ಬಂದೊಡನೆ 12 ಗೆದ್ದಿತು. ಅಕ್ಟೋಬರ್ 27ರಂದು ಶಿಕಾಗೊ ಬೇರ್ಸ್ ವಿರುದ್ಧ ಇನ್ನೇನು ಸೋತೆವು ಅನ್ನುವಾಗ ಅವನು ದೂರದಿಂದ ಎಸೆದ ಚೆಂಡು, ಜಿಗಿದವರ ಕೈಗೆ ಬಡಿದು ಪುಟಿದು ನೋವಾ ಬ್ರೌನ್ ಕೈಸೇರಿತು. 18–15. ಆಟದ ಗಂಧಗಾಳಿ ಇಲ್ಲದೆ ಊರಿಂದ ಬಂದಿದ್ದ ನಮ್ಮ ಅತ್ತೆಯವರೂ ಅಂದು ಸೋಫಾದಿಂದೆದ್ದು ಚಪ್ಪಾಳೆ ಹೊಡೆದರು.

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದೆವು. ಕಂಡದ್ದು ಸುಳ್ಳಲ್ಲ. ಆದರೆ ಮೊಳಕೆ ಕಂಡ ಮರುದಿನವೇ ಕುಡುಗೋಲು ಹಿಡಿದು ಹೊಲಕ್ಕಿಳಿಯುವ ಚಾಳಿ ನಮ್ಮದು. ಅದು ಹೊಸದೂ ಅಲ್ಲ.

2012 ನೆನಪಿದೆಯೇ? ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ಗಾಗಿ ನಮ್ಮ ತಂಡ ಹೊಸ ಆಟಗಾರರನ್ನು ಆರಿಸುವ ಮೂರು ವರ್ಷದ ಮೊದಲ ಸುತ್ತಿನ ಅವಕಾಶಗಳನ್ನು ಬಿಟ್ಟುಕೊಟ್ಟಿತ್ತು. ಕೊಟ್ಟದ್ದನ್ನು ಬಡ್ಡಿ ಸಮೇತ ವಸೂಲು ಮಾಡಲು ನಾವೆಲ್ಲ ಕಾದು ಕೂತಿದ್ದೆವು. ಮೊದಲ ಪಂದ್ಯದಲ್ಲೇ ನ್ಯೂ ಆರ್ಲಿಯನ್ಸ್‌ನಲ್ಲಿ 40–32ರ ಗೆಲುವು. ಆ ವರ್ಷ 815 ಗಜಗಳ ಓಟ. 1999ರ ನಂತರ ಮೊದಲ ಬಾರಿಗೆ ವಿಭಾಗದ ಪ್ರಶಸ್ತಿ. ಡಿಸೆಂಬರ್‌ನಲ್ಲಿ ಅವನ ಮೊಣಕಾಲಿಗೆ ಪೆಟ್ಟಾಯಿತು. ಆದರೂ 2013ರ ಜನವರಿ 6ರಂದು ಸಿಯಾಟಲ್ ವಿರುದ್ಧ ಕಣಕ್ಕಿಳಿದ, ಕುಂಟುತ್ತಲೇ ಆಡಿದ, ಕೊನೆಗೆ ಕಾಲು ಮಡಚಿ ಬಿದ್ದ. ಆ ಸಂಜೆ ಟಿವಿಯ ಮುಂದೆ 'ಏಳಪ್ಪಾ, ಏಳು' ಎಂದು ಕಿರುಚಿದವರಲ್ಲಿ ನಾನೂ ಒಬ್ಬ. ಅವನು ಎದ್ದ, ಆದರೆ ಆ ಹಳೆಯ ಓಟ ಮತ್ತೆ ಬರಲಿಲ್ಲ. 2016ರಲ್ಲಿ ತಂಡ ಅವನನ್ನು ಕೈಬಿಟ್ಟಿತು.

ಡೇನಿಯಲ್ಸ್ ಮೊದಲ ವರ್ಷ ಓಡಿದ್ದು 891 ಗಜ, ಹೊಸ ಕ್ವಾರ್ಟರ್‌ಬ್ಯಾಕ್‌ಗಳಲ್ಲೇ ದಾಖಲೆ. ಅಂಕಿಯನ್ನು ನಾವು ಬಾಯಿಪಾಠ ಮಾಡಿದೆವು. ಆ ಓಟಗಳ ಕೊನೆಗೆ ನೂರಿಪ್ಪತ್ತು ಕೆಜಿ ಆಳುಗಳು ಬಂದು ಅಪ್ಪಳಿಸಿದ್ದನ್ನು ಯಾರೂ ಎಣಿಸಲಿಲ್ಲ. 2025ರಲ್ಲಿ ಮೊದಲು ಮೊಣಕಾಲು, ಆಮೇಲೆ ತೊಡೆಯ ಸ್ನಾಯು. ನವೆಂಬರ್ 2ರಂದು ಗ್ರಿಫಿನ್ ಬಿದ್ದ ಅದೇ ಮೈದಾನ, ಅದೇ ಸಿಯಾಟಲ್. ಗೆಲ್ಲುವ ಆಸೆ ಪೂರ್ತಿ ಕಮರಿದ ಮೇಲೂ ಕೊನೆಯ ಕ್ವಾರ್ಟರ್‌ನಲ್ಲಿ ಹುಡುಗ ಕಣದಲ್ಲೇ ಇದ್ದ. ಎಡ ಮೊಣಕೈ ಕೀಲು ತಪ್ಪಿತು. ಆ ಸೀಸನ್ನಿನಲ್ಲಿ ತಂಡಕ್ಕೆ ಸಿಕ್ಕಿದ್ದು 5 ಗೆಲುವು.

ಈಗ 'ಮೊದಲ ವರ್ಷದ್ದು ಬರೀ ಅದೃಷ್ಟ' ಎನ್ನುವ ಮಾತು ನಮ್ಮ ಪಾಟ್‌ಲಕ್ ಊಟಗಳಲ್ಲೂ ಕೇಳುತ್ತಿದೆ. ಹಾಗೆನ್ನುವವರು ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನ ಮೊದಲ ವರ್ಷವನ್ನು ನೋಡಲಿ: 1998ರಲ್ಲಿ 28 ಬಾರಿ ಚೆಂಡನ್ನು ಎದುರಾಳಿಗಳ ಕೈಗೆಸೆದ, ತಂಡ 13 ಪಂದ್ಯ ಸೋತಿತು. ಜನ ಕಾದರು. ಮರುವರ್ಷ ಅದೇ ತಂಡ 13 ಗೆದ್ದಿತು. ಕಾಯದಿದ್ದರೆ ಏನಾಗುತ್ತದೆಂದು ಕನ್ನಡಿಗರಿಗೆ ಹೇಳಿಕೊಡಬೇಕೇ? ಮೂರನೇ ಟೆಸ್ಟಿನಲ್ಲೇ ಅಜೇಯ 303 ಹೊಡೆದ ಕ್ರಿಕೆಟಿಗ ಕರುಣ್ ನಾಯರ್, 2017ರಲ್ಲಿ ತಂಡದಿಂದ ಹೊರಬಿದ್ದವರು ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಪೆಟ್ಟಾದಾಗ ಅವನನ್ನು ಕೋಚ್ ಹೊರಗೆ ಕೂರಿಸಿದರೆ, ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ಗೊಣಗಬೇಡಿ. ಅವನ ಜಾಗಕ್ಕೆ ಇಳಿದವರನ್ನು ಹೀಯಾಳಿಸಬೇಡಿ. ಹಾಗೆ ಇಳಿದ ಮಾರ್ಕಸ್ ಮರಿಯೋಟ ಕೂಡ 2015ರ ತನ್ನ ಮೊದಲ ಪಂದ್ಯದ ಮೊದಲರ್ಧದಲ್ಲೇ ನಾಲ್ಕು ಟಚ್‌ಡೌನ್ ಪಾಸ್ ಎಸೆದು, ಇಡೀ ದೇಶದ ನಿರೀಕ್ಷೆಯನ್ನು ಹೊತ್ತವನೇ. ಸೋತ ರಾತ್ರಿ ಫೋನು ತೆಗೆದು ಬೈಗುಳ ಬರೆಯುವ ಮುನ್ನ, ಪಕ್ಕದಲ್ಲಿ ಅದೇ ಜೆರ್ಸಿ ತೊಟ್ಟು ಮಲಗಿರುವ ಮಗುವನ್ನೊಮ್ಮೆ ನೋಡಿ.

2024 ಆ ಹುಡುಗ ನಮಗೆ ಕೊಟ್ಟ ಉಡುಗೊರೆ. ಅದನ್ನು ಸಾಲಪತ್ರವೆಂದು ಓದಬೇಡಿ. ಗ್ರಿಫಿನ್‌ಗೆ ನಾವು ಕೊಡದೇ ಹೋದ ಸಮಯವನ್ನು ಇವನಿಗಾದರೂ ಕೊಡೋಣ.