ಇ.ಟಿ.ಯ ಎದೆಯ ಬೆಳಕು

ಮಕ್ಕಳೇ, ರಜೆಗೆ ಬಂದ ಮೊಮ್ಮಗಳ ಜೊತೆ ಮೊನ್ನೆ ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಇ.ಟಿ.’ ನೋಡಿದೆ. 1982ರ ಸಿನಿಮಾ. ಬೇರೆ ಲೋಕದಿಂದ ಬಂದು ಭೂಮಿಯಲ್ಲಿ ಒಂಟಿಯಾದ ಜೀವಿಗೆ ಎಲಿಯಟ್ ಎಂಬ ಹುಡುಗ ಗೆಳೆಯನಾಗುತ್ತಾನೆ.

ಇ.ಟಿ. ಬೆರಳು ಸೋಕಿಸಿದರೆ ಹುಡುಗನ ಗಾಯ ಮಾಯ. ಇ.ಟಿ. ಸತ್ತು ಮತ್ತೆ ಏಳುತ್ತದೆ. ಬಿಳಿ ಬಟ್ಟೆ ಹೊದ್ದು ನಿಂತಾಗ ಎದೆ ಕೆಂಪಗೆ ಬೆಳಗುತ್ತದೆ. ಕೊನೆಗೆ ಆಕಾಶಕ್ಕೇರುತ್ತದೆ. ನಾನು ಚಿಕ್ಕವನಿದ್ದಾಗ ಮಂಗಳೂರಿನಲ್ಲಿ ಪಕ್ಕದ ಮನೆಯ ಗೋಡೆಯಲ್ಲಿ ಯೇಸುವಿನ ಪಟವಿತ್ತು. ಅದರಲ್ಲೂ ಎದೆಯ ಮೇಲೆ ಹೀಗೇ ಹೊಳೆಯುವ ಹೃದಯ. ಮುಟ್ಟಿ ರೋಗ ಗುಣಪಡಿಸಿದ, ಸತ್ತು ಮೂರನೇ ದಿನ ಎದ್ದ, ಸ್ವರ್ಗಕ್ಕೇರಿದ ಯೇಸುವಿನ ಕಥೆ ಹೇಳಿದೆ. ಬೆರಳಿಗೆ ಬೆರಳು ತಾಗುವ ಪೋಸ್ಟರ್ ಕೂಡ ಮೈಕೆಲೆಂಜೆಲೊ ಬರೆದ, ದೇವರು ಆದಾಮನಿಗೆ ಜೀವ ಕೊಡುವ ಚಿತ್ರದಿಂದ ಬಂದದ್ದು.

“ಸ್ಪಿಲ್‌ಬರ್ಗ್ ಕ್ರಿಶ್ಚಿಯನ್ನಾ ಅಜ್ಜ?”

ಅಲ್ಲ, ಯೆಹೂದಿ. ಯೇಸುವಿನ ಕಥೆ ಹೇಳಲು ಹೊರಟವನೇ ಅಲ್ಲ ತಾನು ಎಂದಿದ್ದಾರೆ. ನನ್ನ ಜಾಣತನಕ್ಕೆ ಅಲ್ಲೇ ಪೆಟ್ಟು! ಆದರೂ ಆ ಕೆಂಪು ಎದೆ ನನ್ನ ಕಣ್ಣಿಂದ ಹೋಗಲಿಲ್ಲ.

“ನಾನು ಅತ್ತದ್ದು ಅದಕ್ಕಲ್ಲ. ಎಲಿಯಟ್ ಒಬ್ಬನೇ ಆದ ಅಂತ.”

ತಂದೆತಾಯಿ ಬೇರೆಯಾದಾಗ ಸ್ಪಿಲ್‌ಬರ್ಗ್ ಮನಸ್ಸಿನಲ್ಲೇ ಕಟ್ಟಿಕೊಂಡ ಗೆಳೆಯನೇ ಇ.ಟಿ.ಗೆ ಮೂಲ. ಅದನ್ನು ಹೇಳಿದೆ. ಅವಳು ಸುಮ್ಮನೆ ಕೊನೆಯ ದೃಶ್ಯವನ್ನು ಮತ್ತೆ ಹಾಕಿದಳು.